ಅಗಲಿಕೆಯ ನಂತರದ ಮೊದಲ ಈದ್

"ಈ ವರ್ಷ ನಮಗೆ ಹಬ್ಬವಿಲ್ಲ."

ಮನೆಯಲ್ಲಿ ಸಾವಾದ ನಂತರ ಬರುವ ಮೊದಲ ಈದ್‌ಗೆ ನವಲಗುಂದ, ಕುಂದಗೋಳ, ಅಣ್ಣಿಗೇರಿ, ಕಲಘಟಗಿ ಕಡೆಯ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಹೊಸ ಬಟ್ಟೆ ತರುವುದಿಲ್ಲ. ಮಕ್ಕಳ ಕೈಗೆ ಮೆಹಂದಿ ಹಚ್ಚುವುದಿಲ್ಲ. ಸುರಕುಂಬಾದ ಪಾತ್ರೆ ಒಲೆಯ ಮೇಲೆ ಏರುವುದಿಲ್ಲ. ಬಂದ ನಂಟರು ಹಳೆಯ ದುಃಖವನ್ನು ಮತ್ತೆ ಕೆದಕಿ, ಅತ್ತು ಅಳಿಸಿ ಹೋಗುತ್ತಾರೆ.

ಸೋದರಿ, ನಿಮ್ಮ ಮನೆಯಲ್ಲಿ ಈ ವರ್ಷ ಒಂದು ಜಾಗ ಖಾಲಿಯಾಗಿದ್ದರೆ ನಿಮ್ಮೊಂದಿಗೆ ಒಂದೆರಡು ಮಾತು.

ಅಳು ಬಂದರೆ ಅಳಿರಿ. ಅದು ಈಮಾನಿನ ಕೊರತೆಯಲ್ಲ. ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರವರ ಕಣ್ಣುಗಳೂ ತುಂಬಿ ಬಂದಿದ್ದವು. ಕಂಡವರು ಅಚ್ಚರಿಪಟ್ಟಾಗ, ಅದು ಕರುಣೆಯ ಕಣ್ಣೀರು ಎಂದು ಅವರು ತಿಳಿಸಿದರು. ಎದೆ ಬಡಿದುಕೊಂಡು ರೋದಿಸುವುದನ್ನು ತಡೆದ ಧರ್ಮ, ಕಣ್ಣೀರನ್ನು ತಡೆಯಲಿಲ್ಲ.

ಆದರೆ ಶೋಕಾಚರಣೆಗೆ ಅದು ಒಂದು ಮಿತಿಯನ್ನು ಇಟ್ಟಿತು. ಪ್ರವಾದಿ ಪತ್ನಿ ಹ. ಉಮ್ಮು ಹಬೀಬಾ(ರ) ಅವರ ತಂದೆ ಅಬೂ ಸುಫ್ಯಾನ್ ತೀರಿಕೊಂಡರು. ಸುದ್ದಿ ಬಂದ ಮೂರನೆಯ ದಿನ ಅವರು ಸುಗಂಧ ತರಿಸಿ ಕೆನ್ನೆಗೂ ಕೈಗಳಿಗೂ ಹಚ್ಚಿಕೊಂಡರು. ತನಗೆ ಇದರ ಅಗತ್ಯವೇನೂ ಇರಲಿಲ್ಲ, ಗಂಡನಲ್ಲದೆ ಬೇರಾರಿಗಾಗಿಯೂ ಮೂರು ದಿನಕ್ಕಿಂತ ಹೆಚ್ಚು ಶೋಕಾಚರಣೆ ಸಲ್ಲದೆಂದು ಪ್ರವಾದಿ(ಸ)ರಿಂದ ಕೇಳಿದ್ದರಿಂದಲೇ ಹೀಗೆ ಮಾಡಿದೆ ಎಂದರು. ಆ ಮಗಳಿಗೆ ತಂದೆಯ ನೆನಪು ಮೂರೇ ದಿನಕ್ಕೆ ಅಳಿಸಿತೇ? ಇಲ್ಲ. ಮನಸ್ಸು ಒಪ್ಪದಿದ್ದರೂ ಕೈ ಒಂದು ಹೆಜ್ಜೆ ಮುಂದಿಟ್ಟಿತು, ಅಷ್ಟೇ. ಮೊದಲ ಈದ್‌ನಲ್ಲಿ ನಮಗೆ ಬೇಕಾದದ್ದೂ ಅಷ್ಟೇ ಧೈರ್ಯ.

ಗಂಡನನ್ನು ಕಳೆದುಕೊಂಡವಳ ಇದ್ದತ್ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ. ಈ ಅವಧಿಯಲ್ಲಿ ಅವಳು ಒಡವೆ, ಸುಗಂಧ, ಅಲಂಕಾರಗಳಿಂದ ದೂರವಿರುತ್ತಾಳೆ. ಆದರೆ ಅಡುಗೆ ಮಾಡಬಾರದು, ಮಕ್ಕಳಿಗೆ ಹೊಸ ಬಟ್ಟೆ ತೊಡಿಸಬಾರದು, ಮನೆಗೆ ಬಂದ ಹೆಂಗಸರೊಡನೆ ಕುಳಿತು ಉಣ್ಣಬಾರದು ಎಂದು ಯಾರೂ ಹೇಳಿಲ್ಲ. ಅವಳನ್ನು ಒಳಕೋಣೆಯ ಕತ್ತಲೆಯಲ್ಲಿ ಕೂರಿಸಿ ಹಬ್ಬ ಮಾಡುವುದೂ, ಅವಳ ನೆಪದಲ್ಲಿ ಮಕ್ಕಳ ಹಬ್ಬ ಕಸಿಯುವುದೂ ನಾವು ಹಾಕಿಕೊಂಡ ಕಟ್ಟಳೆಗಳು.

ದುಃಖಕ್ಕೂ ಅಡುಗೆಮನೆಗೂ ಹಳೆಯ ನಂಟಿದೆ. ಹ. ಆಯಿಶಾ(ರ) ಅವರ ಬಂಧುಗಳಲ್ಲಿ ಯಾರಾದರೂ ತೀರಿಕೊಂಡು, ಸೇರಿದ್ದ ಹೆಂಗಸರು ಚದುರಿ ಮನೆಯವರಷ್ಟೇ ಉಳಿದಾಗ ಅವರು ತಲ್ಬೀನಾ ಮಾಡಿಸುತ್ತಿದ್ದರು. ಅದು ಜವೆ ಹಿಟ್ಟಿನ ತೆಳು ಗಂಜಿ. ಅದು ನೊಂದ ಮನಸ್ಸಿಗೆ ನೆಮ್ಮದಿ ಕೊಡುತ್ತದೆಂದು ಅವರು ಪ್ರವಾದಿ(ಸ)ರಿಂದ ಕೇಳಿದ್ದರು. ಗಮನಿಸಿ: ಗಂಜಿ ಕುದಿಯುತ್ತಿದ್ದದ್ದು ಜನ ತುಂಬಿದ್ದಾಗ ಅಲ್ಲ, ಜನ ಹೋದ ಮೇಲೆ. ಮನೆ ಬಿಕೋ ಎನ್ನುವ ಹೊತ್ತಿಗೆ.

ನಮ್ಮ ಸುರಕುಂಬಾವೂ ಅಂಥದೇ ಕೆಲಸ ಮಾಡಬಲ್ಲದು. ಬೇಸಿಗೆಯಲ್ಲಿ ಹೊಸೆದು ಮಾಳಿಗೆಯ ಮೇಲೆ ಒಣಗಿಸಿಟ್ಟ ಶಾವಿಗೆಯನ್ನು ತುಪ್ಪದಲ್ಲಿ ಹುರಿಯಬೇಕು, ಉತ್ತತ್ತಿ ನೆನೆಹಾಕಬೇಕು, ಬಾದಾಮಿ ಸಿಪ್ಪೆ ಬಿಡಿಸಬೇಕು, ಹಾಲು ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ. ಆದ್ದರಿಂದಲೇ ಅದು ಮನೆಯವರನ್ನು ಒಂದೆಡೆ ಕೂರಿಸುತ್ತದೆ. ಕೈಗೆ ಕೆಲಸವಿದ್ದಾಗ ಬಾಯಿಗೆ ಮಾತು ತಾನಾಗಿ ಬರುತ್ತದೆ. "ಅಮ್ಮಾ ಚಾರೋಳಿ ಇಷ್ಟು ಹಾಕುತ್ತಿರಲಿಲ್ಲ" ಎಂದು ಒಬ್ಬಳು ಹೇಳಿದರೆ ಇನ್ನೊಬ್ಬಳು ನಗುತ್ತಾಳೆ, ಮತ್ತೊಬ್ಬಳು ಕಣ್ಣೊರೆಸಿಕೊಳ್ಳುತ್ತಾಳೆ. ಹೆಸರೆತ್ತಲು ಅಂಜುತ್ತಿದ್ದ ಮನೆಯಲ್ಲಿ ಅಂದು ಅವರ ಹೆಸರು ಸಲೀಸಾಗಿ ಓಡಾಡುತ್ತದೆ.

ಎಲ್ಲಕ್ಕಿಂತ ಕಷ್ಟದ ಗಳಿಗೆ ಫಿತ್ರಾ ಲೆಕ್ಕ ಹಾಕುವಾಗ ಬರುತ್ತದೆ. ಮನೆಯ ತಲೆಗಳನ್ನು ಎಣಿಸುವಾಗ ಈ ಸಲ ಒಂದು ಕಡಿಮೆ. ಬೆರಳು ಅಲ್ಲಿಯೇ ನಿಂತುಬಿಡುತ್ತದೆ. ಆಗ ಸಅದ್ ಬಿನ್ ಉಬಾದಾ(ರ)ರನ್ನು ನೆನೆಯಿರಿ. ಅವರು ಊರಿನಲ್ಲಿ ಇಲ್ಲದಾಗ ತಾಯಿ ತೀರಿಕೊಂಡಿದ್ದರು. ತಾಯಿಯ ಪರವಾಗಿ ದಾನ ಕೊಟ್ಟರೆ ಅವರಿಗೆ ಪ್ರಯೋಜನವಾಗುವುದೇ ಎಂದು ಕೇಳಿದಾಗ ಪ್ರವಾದಿ(ಸ)ರವರು ಹೌದೆಂದರು. ಸಅದ್(ರ) ತಮ್ಮ ತೋಟವನ್ನೇ ದಾನವಾಗಿ ಕೊಟ್ಟರು. ನಮ್ಮಲ್ಲಿ ತೋಟವಿಲ್ಲದಿರಬಹುದು. ಫಿತ್ರಾ ಕೊಟ್ಟ ಮೇಲೆ ಅಗಲಿದವರ ಹೆಸರಿನಲ್ಲಿ ಬಡವರ ಮನೆಗೆ ಒಂದು ಸೇರು ಗೋಧಿ, ಒಂದು ಪೊಟ್ಟಣ ಶಾವಿಗೆ ಕೊಡಬಹುದು. ಲೆಕ್ಕದಲ್ಲಿ ಕಡಿಮೆಯಾದವರು ದಾನದಲ್ಲಿ ಉಳಿಯುತ್ತಾರೆ.

2021ರ ಮೇ 14ರ ಈದ್ ನಿಮಗೆ ನೆನಪಿರಬಹುದು. ಕೊರೋನಾದ ಎರಡನೆಯ ಅಲೆ, ಲಾಕ್‌ಡೌನ್. ಈದ್ ನಮಾಝ್ ಮನೆಗಳಲ್ಲೇ ನಡೆಯಿತು. ಆಗಷ್ಟೇ ಮನೆಯವರನ್ನು ಮಣ್ಣು ಮಾಡಿದ್ದವರ ಬಳಿ ಸಾಂತ್ವನ ಹೇಳಲು ನಂಟರು ಬರುವಂತಿರಲಿಲ್ಲ. ಹಬ್ಬವೆಂದು ಉಳಿದದ್ದು ಒಂದು ಒಲೆ, ಒಂದು ಜಾನಮಾಝ್, ಮನೆಯ ನಾಲ್ಕು ಜನ. ಸಡಗರವನ್ನೆಲ್ಲ ತೆಗೆದರೂ ಹಬ್ಬದ ಜೀವ ಎಲ್ಲಿರುತ್ತದೆಂದು ಆ ವರ್ಷ ತೋರಿಸಿಕೊಟ್ಟಿತು.

ಆದ್ದರಿಂದ ದೊಡ್ಡದಾಗಿ ಮಾಡುವುದು ಬೇಡ, ಎಲ್ಲವನ್ನೂ ಬಿಡುವುದೂ ಬೇಡ. ಅಗಲಿದವರು ಮಾಡುತ್ತಿದ್ದ ಒಂದು ಕೆಲಸವನ್ನು ಎತ್ತಿಕೊಳ್ಳಿ. ಅಜ್ಜ ಮಕ್ಕಳಿಗೆ ಹತ್ತು ರೂಪಾಯಿಯ ಹೊಸ ನೋಟು ಈದಿ ಕೊಡುತ್ತಿದ್ದರೆ, ಈಗ ಅದನ್ನು ಹಿರಿಯ ಮಗ ಕೊಡಲಿ. ಅಜ್ಜಿ ಪಕ್ಕದ ಗೌಡರ ಮನೆಗೆ ಸುರಕುಂಬಾ ಕಳಿಸುತ್ತಿದ್ದರೆ ಅದೇ ಡಬ್ಬಿ ಅದೇ ಮನೆಗೆ ಹೋಗಲಿ. ನವಲಗುಂದದ ಜಮಖಾನ 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದು ಹೆಸರಾಯಿತು. ಅದನ್ನು ನಮ್ಮ ಹೆಣ್ಣುಮಕ್ಕಳು ಮನೆಯೊಳಗಿನ ಮಗ್ಗದಲ್ಲಿ ನೇಯುತ್ತಾ ಬಂದದ್ದು ಹಿರಿಯರ ಕೈ ನೋಡಿ ಕಲಿತೇ. ಹಬ್ಬವೂ ಹಾಗೆಯೇ ಕೈಯಿಂದ ಕೈಗೆ ಬರುತ್ತದೆ. ನಡುವೆ ಒಂದು ಕೈ ಕಳಚಿದರೆ ಮುಂದಿನ ಕೈ ಚಾಚಬೇಕು.

ನಿಮ್ಮ ಮನೆಯಲ್ಲಿ ಸಾವಾಗಿಲ್ಲವೇ? ಅಲ್‌ಹಮ್ದುಲಿಲ್ಲಾಹ್. ಹಾಗಾದರೆ ನಿಮ್ಮ ಓಣಿಯಲ್ಲಿ ಸಾವಾದ ಮನೆಗೆ ಈದ್ ದಿನ ಹೋಗಿ. ಅತ್ತು ಅಳಿಸಲು ಅಲ್ಲ. ಚಾಂದ್‌ರಾತ್‌ನಲ್ಲೇ ಹೋಗಿ ಆ ಮಕ್ಕಳ ಕೈಗೆ ಮೆಹಂದಿ ಹಚ್ಚಿ. ಬೆಳಗ್ಗೆ ಒಂದು ಬಟ್ಟಲು ಸುರಕುಂಬಾ ಒಯ್ದು, ಆ ತಾಯಿಯ ಜೊತೆ ಕುಳಿತು ನೀವೂ ಒಂದು ಗುಟುಕು ಕುಡಿಯಿರಿ. ತೀರಿಹೋದವರ ಬಗ್ಗೆ ಒಂದು ಒಳ್ಳೆಯ ಮಾತಾಡಿ, ಅವರ ಮಗ್ಫಿರತ್‌ಗಾಗಿ ದುಆ ಮಾಡಿ ಎದ್ದು ಬನ್ನಿ.