ಅಕ್ಷರಚ್ಯುತಕ ಮತ್ತು ಪದಸೋಪಾನ: ಕನ್ನಡದಲ್ಲಿ ‘ಒಂದಕ್ಷರ’ದ ಪ್ರಶ್ನೆ

ಒಂದು ಪದದ ಒಂದೊಂದೇ ಅಕ್ಷರವನ್ನು ಬದಲಿಸುತ್ತ, ಪ್ರತಿ ಹೆಜ್ಜೆಯಲ್ಲಿಯೂ ಅರ್ಥವುಳ್ಳ ಪದವನ್ನೇ ಪಡೆಯುತ್ತ, ಗೊತ್ತುಪಡಿಸಿದ ಮತ್ತೊಂದು ಪದವನ್ನು ಮುಟ್ಟುವ ಆಟವನ್ನು ಲೂಯಿ ಕ್ಯಾರಲ್ 1877ರ ಕ್ರಿಸ್‌ಮಸ್ ಸಮಯದಲ್ಲಿ ಇಬ್ಬರು ಬಾಲಕಿಯರಿಗಾಗಿ ರೂಪಿಸಿದನು. 1879ರಲ್ಲಿ ಅದು ‘ವ್ಯಾನಿಟಿ ಫೇರ್’ ಪತ್ರಿಕೆಯಲ್ಲಿ ‘ಡಬ್ಲೆಟ್ಸ್’ ಎಂಬ ಹೆಸರಿನಿಂದ ಬೆಳಕು ಕಂಡಿತು. ತಲೆ ಎಂಬರ್ಥದ ‘ಹೆಡ್’ ಐದು ಬದಲಾವಣೆಗಳಲ್ಲಿ ಬಾಲವೆಂಬರ್ಥದ ‘ಟೇಲ್’ ಆಗುವುದು ಅದರ ಪ್ರಸಿದ್ಧ ಉದಾಹರಣೆ.

ಅಕ್ಷರವನ್ನು ಕಿತ್ತು ಅರ್ಥವನ್ನು ಪಲ್ಲಟಗೊಳಿಸುವ ವಿನೋದ ಭಾರತೀಯರಿಗೆ ಹೊಸದೇನಲ್ಲ. ಏಳನೆಯ ಶತಮಾನದ ಬಾಣನು ‘ಕಾದಂಬರಿ’ಯಲ್ಲಿ ಶೂದ್ರಕ ರಾಜನ ಕಾಲಕ್ಷೇಪಗಳನ್ನು ಹೇಳುವಾಗ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿಗಳನ್ನು ಹೆಸರಿಸುತ್ತಾನೆ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರ ಸಂಸ್ಕೃತ ‘ಆದಿಪುರಾಣ’ದಲ್ಲಿ ದೇವಿಯರು ಗರ್ಭಿಣಿ ಮರುದೇವಿಯನ್ನು ರಂಜಿಸುವುದೂ ಇಂಥ ಒಗಟುಗಳಿಂದಲೇ. ‘ವಿದಗ್ಧಮುಖಮಂಡನ’ವು ಹೇಳುವ ಚ್ಯುತದತ್ತಾಕ್ಷರವಂತೂ ಒಂದಕ್ಷರವನ್ನು ತೆಗೆದು ಅಲ್ಲಿ ಮತ್ತೊಂದನ್ನಿಡುವ ಕ್ರಮ. ಆದರೂ ಎರಡನ್ನೂ ಒಂದೆನ್ನಲಾಗದು. ಚ್ಯುತಕದಲ್ಲಿ ಬದಲಾವಣೆ ಒಮ್ಮೆ ನಡೆದು ಪದ್ಯದ ಅರ್ಥ ತಿರುಗುತ್ತದೆ. ಕ್ಯಾರಲ್ಲನ ಆಟದಲ್ಲಿ ಅದು ಮೆಟ್ಟಿಲಾಗುತ್ತದೆ.

ಕನ್ನಡದಲ್ಲಿ ಬಿಂದು ಬಿದ್ದರೆ ‘ಮಂಡಿ’ ‘ಮಡಿ’ಯಾಗುತ್ತದೆ, ಮಾತ್ರೆ ಬಿದ್ದರೆ ‘ಬಾಳೆ’ ‘ಬಳೆ’ಯಾಗುತ್ತದೆ. ‘ಸಮರ’ದ ಮೊದಲಕ್ಷರ ತೆಗೆದರೆ ಮರ, ನಡುವಿನದನ್ನು ತೆಗೆದರೆ ಸರ, ಕೊನೆಯದನ್ನು ತೆಗೆದರೆ ಸಮ. ಈ ಬಗೆಯವು ಬಾಯಿಮಾತಿನಲ್ಲಿಯೇ ಕೇಳಿ ಬಿಡಿಸುವಂಥವು. ಬರಹವನ್ನು ಆಶ್ರಯಿಸಿವೆ ಎಂಬ ಕಾರಣದಿಂದ ಇವನ್ನು ಜನಪದ ಒಗಟಿನ ವರ್ಗೀಕರಣದಿಂದ ಹೊರಗಿಡುವುದು ಸಮಂಜಸವೆನಿಸದು. ಅಕ್ಷರ ಬಲ್ಲವರ ಬಾಯಲ್ಲಿಯೂ ಜಾನಪದ ಹುಟ್ಟುತ್ತದೆಯಷ್ಟೆ.

ಮೆಟ್ಟಿಲುಗಳ ಆಟವನ್ನು ಕನ್ನಡಕ್ಕೆ ತಂದಾಗ ಏಳುವ ತೊಡಕು ಬೇರೆ: ‘ಒಂದಕ್ಷರ’ವೆಂದರೆ ಎಷ್ಟು? ರೋಮನ್ ಲಿಪಿಯಲ್ಲಿ ಸ್ವರವೂ ವ್ಯಂಜನವೂ ಬಿಡಿ ಗುರುತುಗಳು. ಕನ್ನಡದ ‘ಸು’ ಎಂಬುದರಲ್ಲಿ ಸಕಾರವೂ ಉಕಾರವೂ ಕೂಡಿವೆ. ‘ಸ್ತ್ರೀ’ ಎಂಬಲ್ಲಿ ಮೂರು ವ್ಯಂಜನಗಳು, ಒಂದು ಸ್ವರ. ಹಸುವನ್ನು ಕರುವಾಗಿಸಬೇಕೆಂದಿಟ್ಟುಕೊಳ್ಳಿ. ಸ್ವರವನ್ನೋ ವ್ಯಂಜನವನ್ನೋ ಒಂದನ್ನೇ ಬದಲಿಸಬೇಕೆಂದು ನಿಯಮವಿಟ್ಟರೆ ಹಸು, ಹಸಿ, ಕಸಿ, ಕರಿ, ಕರು ಎಂದು ನಾಲ್ಕು ಹೆಜ್ಜೆಗಳಲ್ಲಿ ಸಾಗಬಹುದು. ಗುಣಿತಾಕ್ಷರವನ್ನೇ ಇಡಿಯಾಗಿ ಬದಲಿಸಬಹುದಾದರೆ ಹಸು, ಹರಿ, ಕರಿ, ಕರು ಎಂದು ಮೂರು ಸಾಕು. ಕಿವಿಗೆ ಮೊದಲನೆಯದು ಹತ್ತಿರ. ಕಾಗುಣಿತ ಕಲಿತ ಕಣ್ಣಿಗೆ ಎರಡನೆಯದು. ಗಣಕದ ಯೂನಿಕೋಡ್ ಸಂಕೇತದಲ್ಲಿ ‘ಸು’ ಎರಡು ಘಟಕ, ‘ಸ’ ಒಂದೇ. ಆದ್ದರಿಂದ ಯಂತ್ರದ ಎಣಿಕೆ ಈ ಎರಡಕ್ಕೂ ಪೂರ್ತಿ ಹೊಂದುವುದಿಲ್ಲ.

ಯಾವ ಪದ ಸಲ್ಲುತ್ತದೆ ಎಂಬುದೂ ವಾದದ ವಿಷಯವೇ. ಶಿಷ್ಟ ಸಮಾಜದಲ್ಲಿ ಬಳಕೆಯಾಗುವ ಪದಗಳೇ ಇರಬೇಕೆಂದು ಕ್ಯಾರಲ್ ವಿಧಿಸಿದ್ದನು. ಪುಸ್ತಕಕ್ಕೆ ಪದಪಟ್ಟಿಯನ್ನೂ ಸೇರಿಸಿದನು. ಅದೇ ಕಟ್ಟಳೆಯನ್ನು ಇಲ್ಲಿಗೂ ಅನ್ವಯಿಸಿದರೆ ನಷ್ಟ ದೇಸಿ ನುಡಿಗೆ. ‘ಕಸುಗಾಯಿ’ಯಲ್ಲಿರುವ, ಬಲಿಯದ ಕಾಯನ್ನು ಹೇಳುವ ‘ಕಸು’ವನ್ನು ಒಪ್ಪಿದರೆ ಹಸು, ಕಸು, ಕರು ಎಂದು ಯಾವ ನಿಯಮದಲ್ಲಿಯೂ ಎರಡೇ ಹೆಜ್ಜೆ. ಆ ಪದವನ್ನು ತೋಟದಲ್ಲಿ ಕೇಳಿ ಬೆಳೆದ ಮಗು ಅದನ್ನು ನಿಘಂಟು ತೆರೆಯದೆಯೇ ಹೇಳೀತು.