ಐದೂವರೆಗೆ ಬಸ್ಸು, ಒಂಬತ್ತೂವರೆಗೆ ಅಂಗನವಾಡಿ: ನಡುವೆ ಕೂಸು ಯಾರ ಕೈಲಿ?

ಕೋಲಾರ: ಬೆಳಗಿನ ಜಾವ ಐದೂವರೆ. ಬಸ್ ಸ್ಟ್ಯಾಂಡಿನ ಎದುರು ಟೀ ಅಂಗಡಿಯವನು ಆಗತಾನೆ ಸ್ಟೌವ್ ಹಚ್ಚಿ ಮೊದಲ ಪಾತ್ರೆ ಇಟ್ಟಿದ್ದಾನೆ. ಪೇಪರ್ ಕಟ್ಟು ಇನ್ನೂ ಬಿಚ್ಚಿಲ್ಲ. ಆದರೆ ಕಾರ್ಖಾನೆ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳ ಸಾಲು ಆಗಲೇ ನಿಂತಾಗಿದೆ. ಹೆಗಲಲ್ಲಿ ಬ್ಯಾಗು, ಬ್ಯಾಗಿನಲ್ಲಿ ಡಬ್ಬಿ, ಕೊರಳಲ್ಲಿ ಗುರುತಿನ ಚೀಟಿ. ನರಸಾಪುರಕ್ಕೆ ಹೋಗುವವರು ಕೆಲವರು, ವೇಮಗಲ್ಲಿಗೆ ಕೆಲವರು. ಮುಳಬಾಗಿಲಿನಲ್ಲೂ ಇದೇ ಸಾಲು, ಶ್ರೀನಿವಾಸಪುರದಲ್ಲೂ ಇದೇ ಸಾಲು. ಮಾಲೂರಿನಲ್ಲಿ ಮಾತ್ರ ಅರ್ಧ ಸಾಲು ಬಸ್ಸಿಗೆ, ಅರ್ಧ ಸಾಲು ಬೆಂಗಳೂರು ರೈಲಿಗೆ.

ಮೊನ್ನೆ ಆ ಸಾಲಿನಲ್ಲಿ ಒಬ್ಬ ತಾಯಿ ಟವಲಿನಲ್ಲಿ ಸುತ್ತಿದ್ದ ಒಂದೂವರೆ ವರ್ಷದ ಕೂಸನ್ನು ಜೊತೆಗೆ ಬಂದಿದ್ದ ಮುದುಕಿಯ ಕೈಗೆ ಕೊಟ್ಟು, ಹಿಂದಕ್ಕೆ ತಿರುಗಿ ನೋಡದೆ ಬಸ್ಸಿನ ಕಡೆ ನಡೆದಳು. ನೋಡಿದರೆ ಕೂಸು ಅಳುತ್ತದೆ ಅಂತ. "ಅತ್ತೇನಮ್ಮಾ ಅವರು?" ಅಂತ ಕೇಳಿದೆ. "ಅಲ್ಲಣ್ಣಾ, ಪಕ್ಕದ ಮನೆಯವರು. ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ. ಅಜ್ಜೀಗೆ ಕಣ್ಣು ಸರಿಯಾಗಿ ಕಾಣ್ಸಲ್ಲ, ಆದ್ರೂ ಒಳ್ಳೇವ್ರು" ಅಂದಳು. ಅಂಗನವಾಡಿ ಇದೆಯಲ್ಲಾ ಅಂದದ್ದಕ್ಕೆ ಆಕೆ ನನ್ನ ಮುಖವನ್ನೇ ನೋಡಿದಳು. "ಅದು ಬಾಗಿಲು ತೆಗೆಯೋದು ಒಂಬತ್ತೂವರೆಗೆ. ತೆಗೆದ್ರೂ ಮೂರು ವರ್ಷ ತುಂಬದೆ ಕೂರಿಸ್ಕೊಳ್ಳಲ್ಲ."

ಬಸ್ಸು ಬಂತು, ಹೊರಟಿತು. ನಾನು ಅಲ್ಲೇ ನಿಂತಿದ್ದೆ.

ಸ್ವಾಮಿ, ನಮ್ಮದು ರೇಷ್ಮೆ, ಹಾಲು, ಚಿನ್ನದ ಜಿಲ್ಲೆ ಅಂತ ಹೇಳಿಕೊಂಡು ಬಂದವರು ನಾವು. ಚಿನ್ನದ ಗಣಿ 2001ರಲ್ಲಿ ಬಾಗಿಲು ಹಾಕಿತು. ಹಾಲು, ರೇಷ್ಮೆ ಉಳಿದಿವೆ. ಅದರ ಮೇಲೆ ಟೊಮೇಟೊ, ಮಾವು, ಈಗ ಕಾರ್ಖಾನೆ. ಈ ಎಲ್ಲಾ ಕಸುಬಿನಲ್ಲೂ ಹೆಂಗಸರ ಕೈಯೇ ಮುಂದು. ಟೊಮೇಟೊ ಕೀಳುವವರು ಅವರು, ಹುಳುವಿಗೆ ಸೊಪ್ಪು ಹಾಕುವವರು ಅವರು, ಡೈರಿಗೆ ಹಾಲು ಹೊಯ್ಯುವವರು ಅವರು, ಕಾರ್ಖಾನೆಯ ಲೈನಿನಲ್ಲಿ ನಿಲ್ಲುವವರೂ ಅವರೇ. ಅವರು ದುಡಿಯುವ ಹೊತ್ತಿನಲ್ಲಿ ಮಗು ಎಲ್ಲಿರುತ್ತದೆ ಅನ್ನುವುದನ್ನು ಮಾತ್ರ ಯಾವ ಸರ್ಕಾರಿ ಕಡತವೂ ಕೇಳಿದಂತಿಲ್ಲ.

ರೇಷ್ಮೆ ಬೆಳೆಗಾರರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರ ಏಳುವ ತನಕ ಸಾಕುವುದಕ್ಕೆ ಚಾಕಿ ಕೇಂದ್ರ ಅಂತಲೇ ಬೇರೆ ಇದೆ. ಅಲ್ಲಿ ಎಳೇ ಸೊಪ್ಪೇ ಬೇಕು, ಅದನ್ನು ಸಣ್ಣಗೆ ಹೆಚ್ಚಬೇಕು, ಶಾಖ ಇಷ್ಟೇ ಇರಬೇಕು, ತೇವ ಇಷ್ಟೇ ಇರಬೇಕು, ಕೈ ತೊಳೆಯದೆ ಒಳಗೆ ಕಾಲಿಡುವ ಹಾಗಿಲ್ಲ. ಯಾಕೆ? ಚಾಕಿಯಲ್ಲಿ ಕೆಟ್ಟ ಹುಳುವಿಗೆ ಆಮೇಲೆ ಎಷ್ಟು ಸೊಪ್ಪು ಸುರಿದರೂ ಗೂಡು ತೂಕ ಬರುವುದಿಲ್ಲ. ಹುಳುವಿನ ವಿಷಯದಲ್ಲಿ ಇಷ್ಟು ಬುದ್ಧಿವಂತರಾದ ನಾವು ಮಕ್ಕಳ ಚಾಕಿ ಕಾಲವನ್ನು ಕಣ್ಣು ಕಾಣದ ಅಜ್ಜಿಗೂ ಏಳು ವರ್ಷದ ಅಕ್ಕನಿಗೂ ಬಿಟ್ಟುಕೊಟ್ಟಿದ್ದೇವೆ. ಮನುಷ್ಯನ ಮೆದುಳು ನೂರಕ್ಕೆ 85 ಭಾಗಕ್ಕೂ ಮೇಲೆ ಬೆಳೆಯುವುದು ಆರು ವರ್ಷ ತುಂಬುವುದರೊಳಗೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದ್ದಾರೆ. ಬರೆದವರಿಗೆ ಗೊತ್ತಿದೆ ಅಂತಾಯಿತು.

ಅಕ್ಕನ ಮಾತು ಬಂದದ್ದರಿಂದ ಒಂದು ಸ್ವಂತ ವಿಷಯ. ನನ್ನ ಅಕ್ಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟಳು. ಕಾರಣ ನಾನು. ಅಮ್ಮ ತೋಟದ ಕೂಲಿಗೆ ಹೋಗುತ್ತಿದ್ದಳು, ಕೂಸನ್ನು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ಅವಳು ಬಿಟ್ಟ ಶಾಲೆಗೆ ನಾನು ಹೋಗಿ, ಪಿಯುಸಿ ಅರ್ಧಕ್ಕೆ ನಿಲ್ಲಿಸಿ, ಈ ಕಸುಬಿಗೆ ಬಂದೆ. ಅಕ್ಕ ಓದಿದ್ದರೆ ಮುಗಿಸುತ್ತಿದ್ದಳು, ಲೆಕ್ಕದಲ್ಲಿ ಜಾಣೆ. ಈಗಲೂ ಸಂತೆಯ ಲೆಕ್ಕವನ್ನು ಬಾಯಲ್ಲೇ ಹಾಕುತ್ತಾಳೆ.

ಇರಲಿ. ಅಂಗನವಾಡಿ ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ನೋಡೋಣ. ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಎಂಬಾಕೆ 1945ರಲ್ಲಿ ಬೋರ್ಡಿ ಎಂಬ ಊರಿನಲ್ಲಿ ಹಳ್ಳಿ ಮಕ್ಕಳ ಶಿಶುವಿಹಾರ ಶುರು ಮಾಡಿದರು. ಬಡವರ ಕೇರಿಯ ಮಕ್ಕಳು ಅಲ್ಲಿಗೆ ಬರಲಿಲ್ಲ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಅಂತ ಆಕೆ ಹೊರಟರು. ಅಂಗನವಾಡಿ ಅನ್ನುವ ಹೆಸರು ಹುಟ್ಟಿದ್ದು ಹಾಗೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಈಗ ರಾಜ್ಯದಲ್ಲಿ ಅರವತ್ತೈದು ಸಾವಿರಕ್ಕೂ ಮೇಲೆ ಕೇಂದ್ರಗಳಿವೆ. 2025ಕ್ಕೆ ಯೋಜನೆಗೆ ಐವತ್ತು ವರ್ಷ ತುಂಬಿತು.

ಐವತ್ತು ವರ್ಷ ಸಣ್ಣ ಕಾಲವಲ್ಲ. ಆದರೆ ಮೂಲ ಲೆಕ್ಕಾಚಾರ ಹಾಗೇ ಇದೆ. ಮೂರರಿಂದ ಆರು ವರ್ಷದವರಿಗೆ ಕೇಂದ್ರದಲ್ಲಿ ಜಾಗ, ಮೂರರೊಳಗಿನವರಿಗೆ ಮನೆಗೆ ಪೊಟ್ಟಣ. ತಾಯಿ ಮನೆಯಲ್ಲಿ ಇರುತ್ತಾಳೆ ಅಂತ ಯಾರೋ ದೆಹಲಿಯಲ್ಲಿ ಕೂತು ಅಂದುಕೊಂಡರು. ನಮ್ಮ ಜಿಲ್ಲೆಯ ತಾಯಿ ಆಗಲೂ ಮನೆಯಲ್ಲಿರಲಿಲ್ಲ, ಈಗಲೂ ಇಲ್ಲ.

ಆ ಪೊಟ್ಟಣದ, ಊಟದ ದುಡ್ಡಿನ ವಿಷಯವನ್ನು ಅಂಗಡಿಯವರು ಗಮನವಿಟ್ಟು ಕೇಳಬೇಕು. 2017ರಲ್ಲಿ ಕೇಂದ್ರ ನಿಗದಿ ಮಾಡಿದ ದರ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ. ತೀರಾ ಸೊರಗಿದ ಮಗುವಾದರೆ 12. ಈ 8 ರೂಪಾಯಿಯಲ್ಲಿ ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಎಲ್ಲಾ ಸೇರಬೇಕು. ನಿಮ್ಮ ಅಂಗಡಿ ಮುಂದೆ ನಿಂತು ಕುಡಿಯುವ ಟೀ ಎಷ್ಟು ಅಂತ ನಿಮಗೇ ಗೊತ್ತು. ರಾಜ್ಯ ತನ್ನ ಕಡೆಯಿಂದ ಮೊಟ್ಟೆ ಸೇರಿಸಿತು, 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಸೇರಿಸಿತು ಅನ್ನುವುದನ್ನು ಒಪ್ಪೋಣ. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಅಂತ ಕಂಡುಬಂತು. ಮೂವರಲ್ಲಿ ಒಬ್ಬ.

ಇನ್ನು ಟೀಚರಮ್ಮನವರ ಪಾಡು. ಕಾಗದದಲ್ಲಿ ಅವರು ಕಾರ್ಯಕರ್ತೆ, ಪಡೆಯುವುದು ಸಂಬಳವಲ್ಲ, ಗೌರವಧನ. ಗೌರವವೆಷ್ಟೋ ಧನವೂ ಅಷ್ಟೇ. ಕೇಂದ್ರ ತನ್ನ ಪಾಲನ್ನು 3,000ದಿಂದ 4,500ಕ್ಕೆ ಏರಿಸಿದ್ದು 2018ರಲ್ಲಿ. ರಾಜ್ಯ ಅದಕ್ಕೆ ತನ್ನ ಪಾಲು ಸೇರಿಸುತ್ತದೆ, 2025ರ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಹೆಚ್ಚಿಸಿತು. ಇವರಿಗೂ ಗ್ರಾಚ್ಯುಟಿ ಕೊಡಬೇಕು ಅಂತ ಹೇಳಿಸಿಕೊಳ್ಳಲು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೇ ಬರಬೇಕಾಯಿತು. ಕೆಲಸ ಮಾತ್ರ ಬೇಕಾದಷ್ಟು: ಗರ್ಭಿಣಿಯರ ಲೆಕ್ಕ, ಚುಚ್ಚುಮದ್ದಿನ ಲೆಕ್ಕ, ಮಕ್ಕಳ ತೂಕ, ಮತದಾರರ ಪಟ್ಟಿ, ಸರ್ವೆ. ಮೇಲಿಂದ ಮೊಬೈಲು. 2025ರ ಜುಲೈಯಿಂದ ಮನೆಗೆ ಕೊಡುವ ಪೊಟ್ಟಣಕ್ಕೆ ತಾಯಿಯ ಮುಖವನ್ನು ಮೊಬೈಲಿನಲ್ಲಿ ಹಿಡಿದು ತಾಳೆ ನೋಡಬೇಕು. ನೆಟ್‌ವರ್ಕ್ ಇಲ್ಲದ ಗಡಿ ಹಳ್ಳಿಯಲ್ಲಿ ಟೀಚರು ಮೊಬೈಲ್ ಎತ್ತಿ ಹಿಡಿದುಕೊಂಡು ಬೇವಿನ ಮರದಡಿ ಓಡಾಡುತ್ತಿದ್ದರೆ ಒಳಗೆ ಮಕ್ಕಳಿಗೆ ಹಾಡು ಹೇಳಿಕೊಡುವವರು ಯಾರು? ಆಯಮ್ಮ ಒಲೆ ಮುಂದೆ ಇರುತ್ತಾರೆ.

ಇಷ್ಟಿದ್ದರೂ ಒಂದು ವಿಷಯದಲ್ಲಿ ಅಂಗನವಾಡಿಯನ್ನು ಯಾವ ಕಾನ್ವೆಂಟೂ ಮೀರಿಸಲಾರದು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಶ್ರೀನಿವಾಸಪುರ, ಮುಳಬಾಗಿಲು ಕಡೆ ಬಹಳ ಮನೆಗಳಲ್ಲಿ ಆಡುವ ಮಾತು ತೆಲುಗು. ಮೂರು ವರ್ಷದ ಮಗುವಿಗೆ ನೀರು ಗೊತ್ತಿಲ್ಲ, ನೀಳ್ಳು ಗೊತ್ತು. ಹಾಲನ್ನು ಅದು ಪಾಲು ಅನ್ನುತ್ತದೆ, ಮೊಟ್ಟೆಯನ್ನು ಗುಡ್ಡು ಅನ್ನುತ್ತದೆ. ಅಂಗನವಾಡಿ ಟೀಚರು ಅದೇ ಊರಿನವರು. ಮಗು ಪಾಲು ಅಂದಾಗ ಲೋಟ ತುಂಬಿಸಿ ಕೊಟ್ಟು, 'ಹಾಲು ಅನ್ನು ಕಂದಾ' ಅಂತ ಕನ್ನಡವನ್ನೂ ಕೈಗಿಡುತ್ತಾರೆ. ಅದೇ ಮಗುವನ್ನು ವ್ಯಾನಿನಲ್ಲಿ ತುಂಬಿ ಪಟ್ಟಣದ ಕಾನ್ವೆಂಟಿಗೆ ಕಳಿಸಿದರೆ ಅಲ್ಲಿ ಮೊದಲ ದಿನವೇ ಸಿಟ್ ಡೌನ್, ಸ್ಟ್ಯಾಂಡ್ ಅಪ್. ತೆಲುಗೂ ಹೋಯಿತು, ಕನ್ನಡವೂ ಬರಲಿಲ್ಲ, ಇಂಗ್ಲಿಷ್ ಅಂತೂ ದೇವರೇ ಬಲ್ಲ. ಮಗು ಸುಮ್ಮನಾಗುತ್ತದೆ. ಶಿಸ್ತು ಕಲಿಯಿತು ಅಂತ ನಾವು ಸಂತೋಷಪಡುತ್ತೇವೆ.

ಆದರೂ ಜನ ಕಾನ್ವೆಂಟಿಗೇ ಹೋಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಎಲ್‌ಕೆಜಿ ಅನ್ನುವ ಮೂರಕ್ಷರ ಬೇಕು ಅವರಿಗೆ. 2025ರ ಏಪ್ರಿಲ್‌ನಲ್ಲಿ ಒಂದನೇ ಕ್ಲಾಸಿಗೆ ಆರು ವರ್ಷದ ಕಟ್ಟುಪಾಡನ್ನು ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದಾಗಲೂ ಎಲ್‌ಕೆಜಿ, ಯುಕೆಜಿ ಮುಗಿಸಿರಬೇಕು ಅನ್ನುವ ಮಾತೇ ಬಂತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯಲು ಹೊರಟಾಗ, ಮಕ್ಕಳೆಲ್ಲಾ ಅಲ್ಲಿಗೆ ಹೋದರೆ ನಮ್ಮ ಕೇಂದ್ರ ಖಾಲಿ ಅಂತ ಟೀಚರಮ್ಮಂದಿರು ಬೀದಿಗಿಳಿದರು. ಆಮೇಲೆ ಅಂಗನವಾಡಿಯಲ್ಲೇ ಎಲ್‌ಕೆಜಿ ಅಂತ ಸರ್ಕಾರ ಮಾತು ತಿರುಗಿಸಿತು. ತಿರುಗಿಸಿದ್ದು ಒಳ್ಳೆಯದೇ. ಆದರೆ ಬೋರ್ಡು ಬದಲಾಯಿಸಿದರೆ ಸಾಲದು. ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಒಂದು ಮೂಲೆ ಅಡಿಗೆ, ಒಂದು ಮೂಲೆ ಅಕ್ಕಿ ಮೂಟೆ, ಉಳಿದ ಜಾಗದಲ್ಲಿ ಎಲ್‌ಕೆಜಿ ಅಂದರೆ ಹೇಗೆ?

ಮಾಲೂರಿನ ಮಾತು ಬೇರೆ. ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಗೂಡುಗಳಲ್ಲಿ ದುಡಿಯಲು ಹೊರ ರಾಜ್ಯಗಳಿಂದ ಸಂಸಾರ ಸಮೇತ ಬರುತ್ತಾರೆ. ಅವರ ಮಕ್ಕಳು ಮಣ್ಣಿನ ಗುಡ್ಡೆಯ ಮೇಲೆ ದಿನವಿಡೀ ಕೂತಿರುವುದನ್ನು ಬಸ್ಸಿನ ಕಿಟಕಿಯಿಂದ ಯಾರು ಬೇಕಾದರೂ ನೋಡಬಹುದು. ಈ ಮಕ್ಕಳಿಗೆ ಊರಿಲ್ಲ, ರೇಷನ್ ಕಾರ್ಡಿಲ್ಲ, ಅವರ ಅಪ್ಪ ಅಮ್ಮನಿಗೆ ಇಲ್ಲಿ ಓಟಿಲ್ಲ. ಓಟಿಲ್ಲದ ಮೇಲೆ ಕೇಳುವವರು ಯಾರು? 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸದ ಜಾಗದಲ್ಲಿ ಧೂಳಿನಲ್ಲಿ ಬಿದ್ದಿದ್ದ ಕೂಲಿಯವರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಎಂಬಾಕೆ ಅಲ್ಲೇ ಗುಡಾರ ಹಾಕಿ ಶಿಶುಪಾಲನೆ ಶುರು ಮಾಡಿದ್ದರು. ಅದೇ ಆಮೇಲೆ ಮೊಬೈಲ್ ಕ್ರೆಷ್ ಆಯಿತು. ಆರು ವರ್ಷದೊಳಗಿನ 40 ಮಕ್ಕಳಿರುವ ಯಾವುದೇ ಕೇರಿ, ಬಡಾವಣೆಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿತ್ತು. ಕೇಳಿದರೆ ಅಂತ ಇದೆ. ಇಟ್ಟಿಗೆ ಗೂಡಿನಲ್ಲಿ ಕೂತವನಿಗೆ ಈ ಆದೇಶ ಓದಿ ಹೇಳಿದವರು ಯಾರು?

ಕಾರ್ಖಾನೆಗಳ ಕಾನೂನು ಇನ್ನೂ ಸ್ವಾರಸ್ಯ. 1948ರ ಕಾರ್ಖಾನೆ ಕಾಯ್ದೆಯಲ್ಲೇ 30ಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಶಿಶುಪಾಲನಾ ಕೋಣೆ ಇರಬೇಕು ಅಂತಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, ಒಟ್ಟು 50 ನೌಕರರಿದ್ದರೆ ಸಾಕು, ಕ್ರೆಷ್ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಅಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಸರಿ, ಕಾರ್ಖಾನೆಯಲ್ಲಿ ಬಣ್ಣ ಬಳಿದ ಕ್ರೆಷ್ ಇದೆ ಅಂತಲೇ ಇಟ್ಟುಕೊಳ್ಳಿ. ಮುಳಬಾಗಿಲಿನ ತಾಯಿ ಒಂದೂವರೆ ವರ್ಷದ ಕೂಸನ್ನು ಚಳಿಯಲ್ಲಿ ಎಬ್ಬಿಸಿ, ಐದೂವರೆ ಬಸ್ಸಿನಲ್ಲಿ ಹೊತ್ತುಕೊಂಡು ನರಸಾಪುರಕ್ಕೆ ಹೋಗಬೇಕೇ? ಕ್ರೆಷ್ ಬೇಕಾದದ್ದು ಬಸ್ಸು ಇಳಿಯುವ ಕಡೆ ಅಲ್ಲ ಸ್ವಾಮಿ, ಬಸ್ಸು ಹತ್ತುವ ಕಡೆ. ಹೆಂಗಸರು ರಾತ್ರಿ ಪಾಳಿ ಮಾಡಬಹುದು ಅಂತ 2023ರಲ್ಲಿ ನಮ್ಮ ವಿಧಾನಸಭೆ ಕಾಯ್ದೆ ತಿದ್ದಿತು. ಆ ರಾತ್ರಿ ಕೂಸು ಯಾರ ಹತ್ತಿರ ಮಲಗಬೇಕು ಅಂತ ತಿದ್ದಲಿಲ್ಲ.

ಪಾಲ್ನಾ ಅನ್ನುವ ಕೇಂದ್ರದ ಯೋಜನೆಯಲ್ಲಿ ಅಂಗನವಾಡಿಗೇ ಕ್ರೆಷ್ ಸೇರಿಸುವ ದಾರಿ 2022ರಿಂದ ಇದೆ. ಆರು ತಿಂಗಳ ಕೂಸಿನಿಂದ ಆರು ವರ್ಷದವರೆಗೆ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ಪಾಳಿಯೇ ಎಂಟು ಗಂಟೆ, ಹೋಗಿ ಬರುವುದು ಮತ್ತೆರಡು ಗಂಟೆ. ಲೆಕ್ಕ ಹಾಕಿದವರು ಬಸ್ಸಿನಲ್ಲಿ ಓಡಾಡಿದವರಲ್ಲ. ರಾಜ್ಯ ಸರ್ಕಾರ ಉದ್ಯೋಗ ಖಾತ್ರಿಯ ಕೂಲಿ ತಾಯಂದಿರಿಗೆ 2023ರ ಬಜೆಟ್ಟಿನಲ್ಲಿ 4,000 ಪಂಚಾಯ್ತಿಗಳಿಗೆ 'ಕೂಸಿನ ಮನೆ' ಘೋಷಿಸಿತು. ಹೆಸರು ಚೆನ್ನಾಗಿದೆ. ಪೇಟೆಗೆ ಮಾತ್ರ ಕೂಸಿನ ಮನೆ ಇಲ್ಲ.

ಪೇಟೆಯವರೂ ಬೇಕಾದವರೇ. ಬಟ್ಟೆ ಅಂಗಡಿಯಲ್ಲಿ ನಿಲ್ಲುವ ಹುಡುಗಿಯರು, ಹೂವು ಕಟ್ಟುವವರು, ಎಪಿಎಂಸಿಯಲ್ಲಿ ಟೊಮೇಟೊ ಆರಿಸುವವರು. ಎಷ್ಟೋ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ರಟ್ಟಿನ ಡಬ್ಬದಲ್ಲಿ ಮಾಲೀಕರ ಕೂಸೇ ಮಲಗಿರುತ್ತದೆ. ನಾಲ್ಕೂ ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದೊಂದು ಅಂಗನವಾಡಿಯನ್ನಾದರೂ ಬೆಳಿಗ್ಗೆ ಐದರಿಂದ ಸಂಜೆ ಏಳರ ತನಕ, ಎರಡು ಪಾಳಿ ಟೀಚರು, ಎರಡು ಪಾಳಿ ಆಯಮ್ಮನನ್ನು ಇಟ್ಟು ನಡೆಸಿ ನೋಡಬಾರದೇಕೆ? ಕಾರ್ಖಾನೆಯವರು ತಮ್ಮ ಕ್ರೆಷ್ ದುಡ್ಡನ್ನು ಇಲ್ಲಿಗೆ ಕೊಡಲಿ. ಬಸ್ಸಿಗೆ ದುಡ್ಡು ಕೊಡುವವರಿಗೆ ಇದು ಭಾರವಲ್ಲ.

ಒಂದು ಕಾನೂನಿನ ಗಂಟು ಮಾತ್ರ ದೆಹಲಿಯಲ್ಲೇ ಬಿಚ್ಚಬೇಕು. 2002ರ 86ನೇ ತಿದ್ದುಪಡಿಯಲ್ಲಿ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಆರರೊಳಗಿನವರಿಗೆ 45ನೇ ವಿಧಿಯಲ್ಲಿ ಸರ್ಕಾರ ಪ್ರಯತ್ನಿಸಬೇಕು ಅಂತ ಬರೆದು ಕೈತೊಳೆದುಕೊಂಡರು. ಹಕ್ಕಾದರೆ ಕೋರ್ಟಿಗೆ ಹೋಗಬಹುದು. ಪ್ರಯತ್ನವಾದರೆ ಎಲ್ಲಿಗೆ ಹೋಗುವುದು?

ಅಲ್ಲಿಯ ತನಕ ಇಲ್ಲಿ ಆಗುವ ಕೆಲಸವೂ ಇದೆ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಅಂತ ಒಂದಿದೆ. ನಿಮ್ಮ ಬೀದಿಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಟೀಚರನ್ನು ಕೇಳಿ. ಬಾಗಿಲು ಹೊತ್ತಿಗೆ ಮುಂಚೆ ತೆಗೆಯಬೇಕು ಅಂತ ನಾಲ್ಕು ಜನ ತಾಯಂದಿರಿಂದ ಸಹಿ ಮಾಡಿಸಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಮೊನ್ನೆಯ ಅಜ್ಜಿಯನ್ನು ಸಂಜೆ ಅದೇ ಜಾಗದಲ್ಲಿ ಮತ್ತೆ ನೋಡಿದೆ. ಬಸ್ಸು ಮುಕ್ಕಾಲು ಗಂಟೆ ತಡ. ಕೂಸು ಆಕೆಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಪ್ರತಿ ಬಸ್ಸು ಬಂದಾಗಲೂ ಅಜ್ಜಿ ಪಕ್ಕದಲ್ಲಿದ್ದವರನ್ನು ಕೇಳುತ್ತಿದ್ದರು, "ಇದಾ ಸ್ವಾಮಿ, ಕಂಪ್ನಿ ಬಸ್ಸು?"