ನಳಿಕಾಧರ: ಏಕವೋ ಅನೇಕವೋ

ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರಿಗೆ ಪದಗಳ ತೊಡಕು ಹೊಸದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದೂ ಅದು ಇದ್ದಿತು. ಆದರೆ ವಚನವೇ ತೊಡಕಾಗುವ ವಸ್ತು ವಿರಳ. ಮಹಾಸಮುದ್ರದಲ್ಲಿ ತೇಲಿಯೂ ಈಜಿಯೂ ಬಾಳುವ ಸೈಫನೊಫೋರ್ ಅಂಥದು. ಗ್ರೀಕ್ ಮೂಲದ ಈ ಹೆಸರಿಗೆ ಕೊಳವೆಯನ್ನು ಧರಿಸಿದುದೆಂದು ಅರ್ಥ, ನಳಿಕಾಧರವೆನ್ನಬಹುದು.

ಇದರ ಒಡಲು ಒಂದು ಮಾಲೆ. ಕೆಲವು ಭಾಗಗಳು ಗಂಟೆಯಾಕಾರದವು. ಸಂಕೋಚಗೊಂಡು ನೀರನ್ನು ಹಿಂದಕ್ಕೆ ಚಿಮ್ಮಿ ಮಾಲೆಯನ್ನು ಮುಂದೊಯ್ಯುತ್ತವೆ. ಇವಕ್ಕೆ ಬಾಯಿಲ್ಲ. ಉಣ್ಣುವುದು ಬೇರೆ ಕೆಲವು. ಸಂತಾನೋತ್ಪತ್ತಿ ಮತ್ತೆ ಕೆಲವಕ್ಕೆ. ಉಂಡುದರ ಸಾರವು ನಡುವಣ ಕಾಂಡದ ಮೂಲಕ ಎಲ್ಲಕ್ಕೂ ಹಂಚಿಹೋಗುತ್ತದೆ. 2020ರಲ್ಲಿ ಆಸ್ಟ್ರೇಲಿಯದ ಪಶ್ಚಿಮ ಸಮುದ್ರದಲ್ಲಿ ಸುರುಳಿಯಾಗಿ ಕಂಡ ಒಂದರ ಹೊರಸುತ್ತನ್ನೇ ಸುಮಾರು 47 ಮೀಟರೆಂದು ಅಂದಾಜುಮಾಡಿದರು. ನೀಲಿ ಗಾಳಿಚೀಲದಿಂದ ತೇಲುವ, 2018ರ ಆಗಸ್ಟಿನಲ್ಲಿ ಮುಂಬಯಿಯ ಕಡಲತಡಿಯಲ್ಲಿ ಹಲವರನ್ನು ಕುಟುಕಿದ ಫೈಸೇಲಿಯವೂ ಈ ಗಣದ್ದೇ.

ಇದನ್ನು ಬಗೆಬಗೆಯ ವ್ಯಕ್ತಿಗಳ ಸಮೂಹವೆಂದು ಜರ್ಮನಿಯ ಲೊಯ್ಕಾರ್ಟನು 1851ರಲ್ಲಿ ಪ್ರತಿಪಾದಿಸಿದನು. ಒಂದು ಅಂಡದಿಂದ ಬೆಳೆದುದೆಲ್ಲವೂ ಒಂದೇ ವ್ಯಕ್ತಿಯೆಂಬುದು ಇಂಗ್ಲೆಂಡಿನ ಹಕ್ಸ್‌ಲಿಯ ಪಕ್ಷ. ನಮ್ಮ ಶಾಸ್ತ್ರಪರಿಚಯವುಳ್ಳವರಿಗೆ ಕೂಡಲೇ ಅವಯವಿವಾದವು ನೆನಪಾಗುತ್ತದೆ. ಆದರೆ ನೈಯಾಯಿಕರ ತಂತುಪಟದೃಷ್ಟಾಂತವು ಇಲ್ಲಿ ಸಲ್ಲದು. ನೂಲು ಬಟ್ಟೆಗಿಂತ ಮೊದಲೇ ಇರುತ್ತದೆ. ನಳಿಕಾಧರದ ಭಾಗಗಳಾದರೋ ಒಂದೇ ಅಂಡದ ಮರಿಯಲ್ಲಿ ಒಂದಾದ ಮೇಲೊಂದು ಮೊಳೆಯುತ್ತವೆ. ಜೇನಿನಂತೆ ಸಂಘವೆನ್ನುವುದೂ ತಪ್ಪು; ಜೇನುಗಳು ಬೇರೆ ಬೇರೆ ಮೊಟ್ಟೆಗಳಿಂದ ಹುಟ್ಟಿ ಒಟ್ಟಿಗೆ ಬಾಳುವುವು.

ಬೆಂಗಳೂರಿನ ಪಶ್ಚಿಮಕ್ಕೆ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದಮರವು ಇದಕ್ಕೆ ಹತ್ತಿರದ ದೃಷ್ಟಾಂತ. ಸುಮಾರು ಮೂರು ಎಕರೆ ಹಬ್ಬಿದ ಆ ಮರದ ಮೂಲಕಾಂಡ ನಶಿಸಿದೆ. ಬಿಳಲುಗಳೇ ಕಾಂಡಗಳಾಗಿ ನಿಂತು, ನೋಡುವವರಿಗೆ ತೋಪಿನಂತೆ ಕಾಣುತ್ತದೆ. ಆದರೂ ಜನರು ಅದನ್ನು ಮರಗಳೆಂದು ಕರೆಯಲಿಲ್ಲ. ಭೇದವೊಂದುಂಟು: ಬೇರೂರಿದ ಬಿಳಲು ಒಂಟಿಯಾಗಿಯೂ ಬದುಕೀತು, ಬಾಯಿಲ್ಲದ ಗಂಟೆಯು ಬದುಕಲಾರದು.

ಹೀಗಿರಲು, ಭಾಗವನ್ನು ಅಂಗವೆಂದರೆ ಹಕ್ಸ್‌ಲಿಯ ಪಕ್ಷವನ್ನೂ, ಜೀವಿಯೆಂದರೆ ಲೊಯ್ಕಾರ್ಟನ ಪಕ್ಷವನ್ನೂ ಪದದಲ್ಲಿಯೇ ಒಪ್ಪಿದಂತಾಗುತ್ತದೆ. ಘಟಕವೆಂಬುದು ಎರಡಕ್ಕೂ ಹೊರತಾದುದರಿಂದ ಲೇಸು. ಇಡಿಯದಕ್ಕೆ ಏಕವಚನವೇ ಯುಕ್ತ: ಗಂಟೆಗಳು ಚಿಮ್ಮುತ್ತವೆ, ನಳಿಕಾಧರವು ಈಜುತ್ತದೆ.